ಗಾಜಿಗೆ ಅಂಟಿದ್ದ ಚುಕ್ಕೆ

ಉಪ್ಪುನೀರಿನ ತೊಟ್ಟಿಯ ಒಳಗಾಜಿನ ಮೇಲೆ ಒಂದು ಬಿಳಿ ಚುಕ್ಕೆ ಇತ್ತು. ಪಾಚಿ ಇರಬೇಕು ಅಂತ ಉಗುರಿನಿಂದ ಕೆರೆಯಲು ಹೋದರೆ ಅದು ಛತ್ರಿಯ ಹಾಗೆ ಮುದುಡಿ, ಬಿಚ್ಚಿಕೊಂಡು, ಒಂದಿಷ್ಟು ದೂರ ನೆಗೆದು ಮತ್ತೆ ಗಾಜಿಗೇ ಅಂಟಿಕೊಂಡಿತು! ಲೆನ್ಸ್ ತಂದು ನೋಡಿದೆ. ಮೂರು ಮಿಲಿಮೀಟರಿನ ಜೆಲ್ಲಿಫಿಶ್. ಪ್ರತಿ ಕೈಯ ಬುಡದಲ್ಲೂ ಒಂದೊಂದು ಪುಟ್ಟ ಕಣ್ಣು.

ಹೆಸರು ಕ್ಲಾಡೊನೀಮಾ. ಕೈಗಳು ಕವಲೊಡೆದಿರುತ್ತವೆ. ಕೆಲವು ಕವಲು ಅಂಟಿಕೊಳ್ಳೋಕೆ, ಉಳಿದವು ಕುಟುಕೋಕೆ. ದಿನದ ಬಹುಪಾಲು ಪಾಚಿಗೋ ಗಾಜಿಗೋ ಅಂಟಿಕೊಂಡು ಸುಮ್ನೆ ಕೂತಿರುತ್ತದೆ, ಹಾಗಾಗಿ ದೊಡ್ಡ ಜೆಲ್ಲಿಫಿಶ್‌ಗೆ ಬೇಕಾಗುವ ಗುಂಡು ತೊಟ್ಟಿ ಇದಕ್ಕೆ ಬೇಕಿಲ್ಲ.

ಆದರೆ ಸಾಕಬೇಕಾದದ್ದು ಈ ಛತ್ರಿಯನ್ನಲ್ಲ, ಕಲ್ಲಿನ ಮೇಲಿರುವ ಅದರ ತಾಯಿಯನ್ನು. ಅದೇ ಹೈಡ್ರಾಯ್ಡ್. ಕೂದಲೆಳೆಯಂಥ ಬಳ್ಳಿ, ಅದರ ಮೇಲೆ ನಾಲ್ಕು ಕೈ ಚಾಚಿದ, ಹೂವಿನಂಥ ಪುಟ್ಟ ಜೀವಿಗಳು, ಅಂದರೆ ಪಾಲಿಪ್‌ಗಳು, ಕೈತುದಿಯಲ್ಲಿ ಗುಂಡುಸೂಜಿಯಂಥ ತಲೆ. ಛತ್ರಿಗಳು ಇದರಿಂದಲೇ ಮೊಗ್ಗಾಗಿ ಕಳಚಿಕೊಳ್ಳುತ್ತವೆ. ಅವುಗಳ ಆಯುಸ್ಸು ಕಡಿಮೆ, ಬಳ್ಳಿ ಉಳಿದರೆ ಮತ್ತೆ ಬರುತ್ತವೆ.

ಮೊದಲ ಸಲ ಛತ್ರಿಗಳನ್ನೆಲ್ಲ ಫಿಲ್ಟರ್ ನುಂಗಿತು. ತಪ್ಪು ನನ್ನದೇ, ನೀರೆಳೆಯುವ ಬಾಯಿಗೆ ಸ್ಪಂಜು ಕಟ್ಟಿರಲಿಲ್ಲ. ಈಗ ಬಳ್ಳಿ ಇರುವ ಪುಟ್ಟ ಕಲ್ಲನ್ನೇ ಬೇರೆ ಡಬ್ಬಿಗೆ ಹಾಕಿದ್ದೇನೆ. ಪಂಪ್ ಇಲ್ಲ, ಪೈಪೆಟ್‌ನಿಂದ ದಿನಕ್ಕೆರಡು ಸಲ ನೀರು ಕಲಕುತ್ತೇನೆ ಅಷ್ಟೇ. ಊಟಕ್ಕೆ ಆಗತಾನೇ ಮೊಟ್ಟೆಯೊಡೆದ ಆರ್ಟೀಮಿಯಾ (ಸಿಗಡಿಯಂಥ ಪುಟ್ಟ ಉಪ್ಪುನೀರಿನ ಜೀವಿ) ಮರಿ. ಮೊಟ್ಟೆ ಬೆಚ್ಚಗಿನ ಉಪ್ಪುನೀರಿನಲ್ಲಿ ಸುಮಾರು 24 ಗಂಟೆಯಲ್ಲಿ ಒಡೆಯುತ್ತದೆ. ಮರಿಗಳನ್ನು ಸೋಸಿ, ಪಾಲಿಪ್‌ಗಳ ಹತ್ತಿರ ನಾಲ್ಕೈದು ಹನಿ ಬಿಟ್ಟರೆ ಸಾಕು. ಆಸೆಗೆ ಜಾಸ್ತಿ ಹಾಕಿದರೆ ಉಳಿದದ್ದು ಕೊಳೆತು ನೀರು ಕೆಡುತ್ತದೆ, ಇಷ್ಟು ಚಿಕ್ಕ ಡಬ್ಬಿಯಲ್ಲಿ ಅದಕ್ಕೆ ಒಂದು ರಾತ್ರಿ ಸಾಕು. ಊಟವಾದ ಒಂದೆರಡು ಗಂಟೆಗೆ ಉಳಿದದ್ದನ್ನು ಹೀರಿ ತೆಗೆಯುತ್ತೇನೆ.

ನೀರು ಆವಿಯಾದರೆ ತುಂಬಬೇಕಾದದ್ದು ಸಿಹಿನೀರು, ಉಪ್ಪುನೀರಲ್ಲ. ಉಪ್ಪು ಆವಿಯಾಗಲ್ಲ ಅಲ್ವಾ! ಸಿಹಿನೀರಿನ ಸಾಂದ್ರತೆ 1 ಅಂತ ಇಟ್ಟುಕೊಂಡರೆ, ನಾನು ಡಬ್ಬಿಯ ನೀರಿನ ಸಾಂದ್ರತೆಯನ್ನು 1.025ರ ಆಸುಪಾಸು ಇಡುತ್ತೇನೆ. ಮೀನಿಗೆ ಹಾಕುವ ತಾಮ್ರದ ಔಷಧಿಯಂತೂ ಹತ್ತಿರವೂ ಸುಳಿಯಬಾರದು.

ಹೈಡ್ರಾಯ್ಡ್ ಕಂಡರೆ ಕೆರೆದು ಬಿಸಾಕಿ ಅನ್ನುವವರೇ ಜಾಸ್ತಿ. ಕಡಲಕುದುರೆ ಮರಿ ಸಾಕುವವರು ಹಾಗಂದರೆ ಒಪ್ಪುತ್ತೇನೆ, ಅಷ್ಟು ಚಿಕ್ಕ ಮರಿಗಳಿಗೆ ಈ ಕುಟುಕು ಪ್ರಾಣಕ್ಕೇ ಕುತ್ತು. ನನ್ನ ಡಬ್ಬಿಯಲ್ಲಿ ಬೇರೆ ಯಾರೂ ಇಲ್ಲ. ಹೋದ ವಾರ ಪೈಪೆಟ್ ತಗುಲಿ ಒಂದು ಛತ್ರಿಯ ಕೈ ತುಂಡಾಗಿತ್ತು, ನಾಲ್ಕನೇ ದಿನ ಲೆನ್ಸ್ ಹಿಡಿದರೆ ಯಾವ ಕೈ ತುಂಡಾಗಿತ್ತು ಅಂತ ನನಗೇ ಗೊತ್ತಾಗಲಿಲ್ಲ.