ಹಾಜರಿ ನಂಬರಿನ ಮಾಸ್ತರು

ನಮ್ಮೂರ ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಸಮಿತಿಯವರು ಫೋನ್ ಮಾಡಿದ್ದು ಆಷಾಢದಲ್ಲಿ. ಅದೇ ವಾರ ನಮ್ಮ ಹೆಡ್‌ಮಾಸ್ತರು ತೀರಿಕೊಂಡ ಸುದ್ದಿಯೂ ಬಂತು. ಹಾಗಾಗಿ ಶಾಲೆ ಬಗ್ಗೆ ಬರೆಯಲು ಕೂತರೆ ಅವರೇ ಎದುರಿಗೆ ಬಂದು ನಿಲ್ಲುತ್ತಾರೆ. ಏಳು ವರ್ಷ ಕಲಿತ ಪಾಠಗಳಲ್ಲಿ ಒಂದೂ ಸರಿಯಾಗಿ ನೆನಪಿಲ್ಲ. ನನ್ನ ಹಾಜರಿ ನಂಬರು ಹನ್ನೊಂದು ಅನ್ನೋದು ಮಾತ್ರ ಮರೆತಿಲ್ಲ.

ನಮ್ಮದು ಯಲ್ಲಾಪುರ ತಾಲೂಕಿನ ಕಾಡಿನ ಊರು. ಅಡಿಕೆ ತೋಟದ ಹವ್ಯಕರ ಮನೆಗಳು, ಎಮ್ಮೆ ಸಾಕುವ ಗೌಳಿಗರ ದಡ್ಡಿ, ಕುಣಬಿ ಮರಾಠಿಗರು, ಬೆಟ್ಟದ ಆಚೆ ಆಫ್ರಿಕಾ ಮೂಲದ ಸಿದ್ದಿಗಳ ಕೇರಿ. ಎಲ್ಲರ ಮಕ್ಕಳಿಗೂ ಇದ್ದದ್ದು ಒಂದೇ ಸರ್ಕಾರಿ ಶಾಲೆ. ಒಂದೇ ಶಾಲೆ ಅಂದಮಾತ್ರಕ್ಕೆ ಎಲ್ಲರೂ ಒಟ್ಟಿಗೆ ಇದ್ದೆವು ಅಂತಲ್ಲ. ನಮ್ಮಂಥ ತೋಟದ ಮನೆಯ ಮಕ್ಕಳು ಮುಂದೆ, ಸಿದ್ದಿ ಮಕ್ಕಳು ಹಿಂದಿನ ಗೋಡೆಗೆ ಒರಗಿ. ಹಾಗೆ ಕೂರಿ ಅಂತ ಯಾರೂ ಹೇಳಿರಲಿಲ್ಲ. ಬಾವಿಯಿಂದ ನೀರು ತಂದು ಕೊಡಪಾನ ತುಂಬಿಸುವ ಕೆಲಸವೂ ನಮ್ಮಂಥವರದ್ದೇ. ಸಿದ್ದಿ ಮಕ್ಕಳು ಕೈಯೊಡ್ಡಬೇಕು, ನಾವು ಮೇಲಿಂದ ಹೊಯ್ಯಬೇಕು. ಇದನ್ನೂ ಯಾರೂ ಹೇಳಿಕೊಟ್ಟಿರಲಿಲ್ಲ. ಮನೆಯಲ್ಲಿ ನೋಡಿ ಕಲಿತದ್ದು.

1980ರ ದಶಕದ ನಡುವೆ ಈ ಮಾಸ್ತರು ಹೆಡ್‌ಮಾಸ್ತರಾಗಿ ಬಂದರು. ಗಿಡ್ಡ ಆಳು, ಬಿಳಿ ಪಂಚೆ, ಬಾಯಲ್ಲಿ ಸದಾ ಎಲೆಯಡಿಕೆಯ ಕವಳ. ಭಾಷಣ ಮಾಡಲಿಲ್ಲ. ಬಂದ ಮೊದಲ ಸೋಮವಾರ ಹಾಜರಿ ಪುಸ್ತಕ ತೆಗೆದು, "ಇನ್ನು ಮೇಲೆ ಎಲ್ಲಾ ಇದರ ಪ್ರಕಾರ" ಅಂದರು, ಅಷ್ಟೇ. ಕೂರುವುದು ನಂಬರಿನ ಪ್ರಕಾರ. ಪ್ರಾರ್ಥನೆ ಹೇಳಿಸುವುದು, ಗಂಟೆ ಬಾರಿಸುವುದು, ಕಸ ಗುಡಿಸುವುದು, ನೀರು ತರುವುದು, ಎಲ್ಲಾ ನಂಬರಿನ ಪ್ರಕಾರ. ಹನ್ನೊಂದರ ಪಕ್ಕ ಹನ್ನೆರಡು. ಹನ್ನೆರಡನೇ ನಂಬರು ಸಿದ್ದಿ ಕೇರಿಯ ಹುಡುಗ. ಇವತ್ತಿಗೂ ನನ್ನ ಗೆಳೆಯ. ಹೆಸರು ಹಾಕಬೇಡ ಮಾರಾಯ ಅಂದಿದ್ದಾನೆ.

ಸಿದ್ದಿ ಹುಡುಗಿ ತಂದ ನೀರು ಕುಡಿಯಬೇಕಾ ಅಂತ ಕೆಲವು ಮನೆಗಳಲ್ಲಿ ಗಲಾಟೆ ಆಯ್ತು. ಒಂದಿಷ್ಟು ಮಕ್ಕಳು ಶಾಲೆ ಬಿಟ್ಟು ಮನೆಯಲ್ಲೇ ಕೂತರು. ಮಾಸ್ತರು ಸಂಜೆ ಸಂಜೆ ಮನೆ ಮನೆಗೆ ಹೋದರು. ನಮ್ಮ ಜಗಲಿಗೂ ಬಂದು ಕೂತು, ಅಜ್ಜನ ಕವಳದ ಬಟ್ಟಲಿಗೇ ಕೈ ಹಾಕಿ, ಅಡಿಕೆ ದರ, ಕೊಳೆರೋಗ ಅಂತ ಗಂಟೆಗಟ್ಟಲೆ ಹರಟಿದರು. ನೀರಿನ ಮಾತೇ ಇಲ್ಲ. ಎದ್ದು ಹೊರಟಾಗ ಮಾತ್ರ, "ನಾಳೆ ನಿಮ್ಮ ಮೊಮ್ಮಗನ ಸರದಿ. ಅವ ಬರದೇ ಹೋದರೆ ಮಕ್ಕಳಿಗೆಲ್ಲ ನೀರಿಲ್ಲ" ಅಂದರು. ಅಜ್ಜ ಏನೂ ಹೇಳಲಿಲ್ಲ. ಬೆಳಿಗ್ಗೆ ನನ್ನನ್ನು ಬೇಗ ಎಬ್ಬಿಸಿದರು.

ಗೆಳೆಯನ ಗುಂಗುರು ಕೂದಲು ಮುಟ್ಟಿ ನೋಡುವುದು, ಅಡ್ಡಹೆಸರು ಕರೆಯುವುದು ನಮಗೆಲ್ಲ ಆಟ. ಒಂದು ದಿನ ಮಾಸ್ತರು ಗೋಡೆಗೆ ಭೂಪಟ ನೇತುಹಾಕಿ ಆಫ್ರಿಕಾ ತೋರಿಸಿದರು. ಪೋರ್ಚುಗೀಸರು ಅಲ್ಲಿಂದ ಜನರನ್ನು ಗುಲಾಮರಾಗಿ ಗೋವೆಗೆ ತಂದದ್ದು, ತಪ್ಪಿಸಿಕೊಂಡವರು ನಮ್ಮ ಘಟ್ಟದ ಕಾಡು ಸೇರಿದ್ದು ಹೇಳಿದರು. ಆಮೇಲೆ ಕೋಲನ್ನು ಗಂಗೆಯ ಬಯಲಿಗೆ ಇಟ್ಟು ನಮ್ಮ ಕಡೆ ತಿರುಗಿದರು. "ಮಯೂರವರ್ಮ ನಿಮ್ಮವರನ್ನ ಅಹಿಚ್ಛತ್ರದಿಂದ ಕರೆಸಿದ ಅಂತ ನಿಮ್ಮಜ್ಜಂದಿರು ಹೇಳ್ತಾರಲ್ಲ? ಅವರು ಹಡಗಲ್ಲಿ ಬಂದರು, ನೀವು ನಡೆದು ಬಂದಿರಿ. ಊರಿನವರು ಯಾರು ಹೇಳಿ ನೋಡುವಾ?" ಗೌಳಿ ಹುಡುಗನೊಬ್ಬ, "ಎಮ್ಮೆ, ಮಾಸ್ತರೆ" ಅಂದ. ಅವತ್ತು ನಕ್ಕ ಹಾಗೆ ಅವರು ಮತ್ತೆಂದೂ ನಕ್ಕಿರಲಿಲ್ಲ.

ಇನ್ನು ಗಂಟೆಯ ಕಥೆ. ನಮ್ಮ ಕಡೆ ದೀಪಾವಳಿಯಲ್ಲಿ ಬೂರೆ ಹಬ್ಬದ ರಾತ್ರಿ ಹುಡುಗರು ಏನು ಕದ್ದರೂ ಬೈಯುವ ಹಾಗಿಲ್ಲ. ಎಲ್ಲರೂ ಸೌತೆಕಾಯಿ, ಎಳನೀರು ಕದ್ದರೆ ನಾವು ನಾಲ್ವರು ಶಾಲೆಯ ಗಂಟೆಯನ್ನೇ ಹೊತ್ತೆವು. ಪ್ಲಾನು ನನ್ನದೇ. ಗಂಟೆ ಅಂದರೆ ರೈಲು ಕಂಬಿಯ ತುಂಡು, ಎಷ್ಟು ಭಾರ ಅಂತೀರಿ! ನಮ್ಮ ಕೊಟ್ಟಿಗೆಯ ಸೊಪ್ಪಿನ ರಾಶಿಯಡಿ ಹುಗಿದಿಟ್ಟೆವು. ರಜೆ ಮುಗಿದ ದಿನ ಊರಿನ ದೊಡ್ಡವರೊಬ್ಬರು ಬಂದು, ಇದು ಸಿದ್ದಿ ಹುಡುಗರದ್ದೇ ಕೆಲಸ ಅಂತ ಕೂಗಾಡಿದರು. ಮಾಸ್ತರು ಕವಳ ಉಗಿದು ಬಂದು ನಿಧಾನ ಹೇಳಿದರು: "ಬೆಟ್ಟ ಹತ್ತಿಳಿದು ಕತ್ತಲಲ್ಲಿ ಬಂದು, ಇಷ್ಟು ಭಾರ ಹೊತ್ತು ವಾಪಸ್ ಬೆಟ್ಟ ಹತ್ತುವುದಕ್ಕೆ ಕಳ್ಳತನ ಅನ್ನಲ್ಲ, ಕೂಲಿ ಅಂತಾರೆ. ಕೂಲಿ ಕೊಟ್ಟವರು ಯಾರು ಅಂತ ಮೊದಲು ಹುಡುಕಿ."

ಗಂಟೆ ಸಿಗುವವರೆಗೆ ಕೇರಿಯಿಂದ ಒಂದು ಡಮಾಮಿ ತರಿಸಿದರು. ಉದ್ದನೆಯ ಆ ಚರ್ಮವಾದ್ಯವನ್ನು ಸಿದ್ದಿಗಳು ಹಬ್ಬದ ಕುಣಿತಕ್ಕೆ ಬಾರಿಸುತ್ತಾರೆ. ಕಂಬಿಯ ಸದ್ದಿಗೆ ಏಳದವರೂ ಇದರ ಸದ್ದಿಗೆ ಓಡಿ ಬಂದರು. ಸಿದ್ದಿ ಮಕ್ಕಳು ಬಾರಿಸುವುದನ್ನು ಕಲಿಸಿದರು, ನಾವು ಕಲಿತೆವು. ಕೊನೆಗೆ ಸೊಪ್ಪು ಎಳೆಯುವಾಗ ಕಂಬಿ ಸಿಕ್ಕಿ, ಅಜ್ಜನೇ ನನ್ನ ಕಿವಿ ಹಿಂಡಿಕೊಂಡು ಶಾಲೆಗೆ ಕರೆತಂದರು. ಮಾಸ್ತರು ಹೊಡೆಯಲಿಲ್ಲ. ಗಂಟೆ ಬಾರಿಸುವ ಸರದಿಯಿಂದ ನಮ್ಮ ನಾಲ್ಕು ನಂಬರು ವರ್ಷಪೂರ್ತಿ ಕಟ್ ಮಾಡಿದರು. ಹೊಡೆದಿದ್ದರೇ ವಾಸಿ ಇತ್ತು.

1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದವರು ಸಿದ್ದಿ ಮಕ್ಕಳನ್ನು ಅಥ್ಲೀಟ್ ಮಾಡುತ್ತೇವೆ ಅಂತ ಯೋಜನೆ ತಂದರು. ಊರೆಲ್ಲ ಸಂಭ್ರಮ. ಮಾಸ್ತರು ಮಾತ್ರ, "ಓಡೋದಕ್ಕೆ ಮಾತ್ರ ಬೇಕಾ ಇವರು? ಲೆಕ್ಕಕ್ಕೆ ಬೇಡವಾ?" ಅಂದರು. ಯೋಜನೆ 1993ರಲ್ಲಿ ನಿಂತೇ ಹೋಯಿತು. ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ. 2020ರಲ್ಲಿ ನಮ್ಮ ತಾಲೂಕಿನವರೇ ಆದ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋದಾಗ ನಾನು ಮಾಸ್ತರಿಗೆ ಫೋನ್ ಮಾಡಿದ್ದೆ. ಕಿವಿ ಆಗಲೇ ಮಂದ. "ಯಾವ ನಂಬರು?" ಅಂತ ಕೇಳಿದರು.

ಈಗ ನಾನು ಬೆಂಗಳೂರಿನಲ್ಲಿ ಬ್ಯಾಂಕಿನ ಚೀಫ್ ಮ್ಯಾನೇಜರ್. ನನ್ನ ಬ್ರಾಂಚಿನಲ್ಲಿ ರಜೆ, ಕೌಂಟರ್ ಎಲ್ಲಾ ಸರದಿ ಪ್ರಕಾರ. ಅದಕ್ಕೆ ಒಳ್ಳೆ ಹೆಸರೂ ಬಂದಿದೆ, ಹೇಳಿಕೊಳ್ಳಬಾರದು, ಆದರೂ. ಅಮೆರಿಕದಲ್ಲಿ ಕರಿಯರ, ಬಿಳಿಯರ ಶಾಲೆ ಬೇರೆ ಬೇರೆ ಇರಬಾರದು ಅಂತ 1954ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1957ರಲ್ಲಿ ಲಿಟಲ್ ರಾಕ್ ಊರಿನ ಹೈಸ್ಕೂಲಿಗೆ ಒಂಬತ್ತು ಕಪ್ಪು ಮಕ್ಕಳನ್ನು ಸೇರಿಸಲು ಅಧ್ಯಕ್ಷ ಐಸೆನ್‌ಹೋವರ್ ಸೈನ್ಯ ಕಳಿಸಬೇಕಾಯ್ತು. ಮರುವರ್ಷ ಅಲ್ಲಿನ ಗವರ್ನರ್ ಊರಿನ ಹೈಸ್ಕೂಲುಗಳನ್ನೇ ಮುಚ್ಚಿಸಿದ. ಇದನ್ನು ಓದಿದಾಗೆಲ್ಲ ನಮ್ಮ ಹಾಜರಿ ಪುಸ್ತಕ ಕಣ್ಣಿಗೆ ಬರುತ್ತದೆ.

ನಮ್ಮಲ್ಲಿ ಶಾಲೆಯನ್ನು ಯಾರೂ ಮುಚ್ಚಿಸಲಿಲ್ಲ. ಹಳದಿ ವ್ಯಾನ್ ಬಂತು, ಅಷ್ಟೇ. ತೋಟದ ಮನೆಗಳ ಮಕ್ಕಳೆಲ್ಲ ಪೇಟೆಯ ಇಂಗ್ಲಿಷ್ ಮೀಡಿಯಂಗೆ ಹೋಗುತ್ತಾರೆ. ನಮ್ಮ ಶಾಲೆಯಲ್ಲಿ ಈಗ ಹೆಚ್ಚಾಗಿ ಸಿದ್ದಿ, ಗೌಳಿ ಮಕ್ಕಳು. ಬಿಸಿಯೂಟ ಇದೆ, ನಲ್ಲಿ ನೀರಿದೆ, ಒಳ್ಳೆ ಬೆಂಚಿದೆ. ಯಾರ ಪಕ್ಕ ಯಾರನ್ನು ಕೂರಿಸುವುದು? ಈ ಮಾತು ತೆಗೆದರೆ ಅಣ್ಣ, "ನಿನ್ನ ಮಗಳು ಬೆಂಗಳೂರಲ್ಲಿ ಯಾವ ಸರ್ಕಾರಿ ಶಾಲೆಗೆ ಹೋಗಿದ್ಲು?" ಅಂತಾನೆ. ಅವನ ಬಾಯಿ ಮುಚ್ಚಿಸೋದು ಕಷ್ಟ.

ಸಮಿತಿಯವರಿಗೆ ಒಂದು ವಿನಂತಿ. ಸಭಾಭವನಕ್ಕೆ ಮಾಸ್ತರ ಹೆಸರಿಡುವುದು ಸರಿ. ಆದರೆ ಮನೆಯಲ್ಲಿ ಸಿದ್ದಿ ಭಾಷೆ ಆಡಿ ಬಂದ ಮಗು ಒಂದನೇ ಕ್ಲಾಸಿನಲ್ಲಿ ಕನ್ನಡ ಅರ್ಥವಾಗದೆ ಸುಮ್ನೆ ಕೂರುತ್ತದೆ. ಮಾಸ್ತರು ಆ ಭಾಷೆ ಕಲಿತೇ ಪಾಠ ಮಾಡುತ್ತಿದ್ದರು. ಎತ್ತಿದ ದುಡ್ಡಿನಲ್ಲಿ ಆ ಭಾಷೆ ಬಲ್ಲ ಒಬ್ಬ ಗೌರವ ಶಿಕ್ಷಕಿಯನ್ನು ಇಡಿ. ಹನ್ನೆರಡನೇ ನಂಬರಿನ ಮಗಳು ಡಿ.ಇಡಿ. ಮುಗಿಸಿ ಮನೆಯಲ್ಲೇ ಇದ್ದಾಳೆ. ಮೊದಲ ವರ್ಷದ ಸಂಬಳ ನನ್ನದು.