ಹಲ್ಲಿನ ಕ್ಲಿನಿಕ್ ತಪಾಸಣೆ: ಹ್ಯಾಂಡ್‌ಪೀಸ್ ಹೋದ ದಾರಿಯಲ್ಲೇ ಹೋಗಿ

ತಪಾಸಣೆಗೆ ಹೋದವರ ಮುಂದೆ ಮೊದಲು ಬಂದು ಬೀಳುವುದು ಫೈಲುಗಳ ರಾಶಿ. ಅದನ್ನು ಪಕ್ಕಕ್ಕಿಡಿ. ಈಗಷ್ಟೇ ರೋಗಿಯ ಬಾಯಿಂದ ಹೊರಬಂದ ಒಂದು ಹ್ಯಾಂಡ್‌ಪೀಸನ್ನು (ಹಲ್ಲು ಕೊರೆಯಲು ಕೈಯಲ್ಲಿ ಹಿಡಿಯುವ ಉಪಕರಣ) ಗುರುತಿಟ್ಟುಕೊಂಡು, ಅದು ಮತ್ತೆ ಟ್ರೇ ಸೇರುವವರೆಗೆ ಅದರ ಹಿಂದೆಯೇ ಹೋಗಿ. ಕ್ಲಿನಿಕ್ಕಿನ ಅರ್ಧ ಜಾತಕ ಅಲ್ಲೇ ತಿಳಿಯುತ್ತದೆ.

ಉಪಕರಣ ತೊಳೆಯುವ ಕೋಣೆಯಲ್ಲಿ ಕೊಳೆಯಾದದ್ದು ಒಂದು ಬದಿಯಿಂದ ಬಂದು, ಶುದ್ಧವಾದದ್ದು ಇನ್ನೊಂದು ಬದಿಯಿಂದ ಹೋಗಬೇಕು. ಎರಡೂ ಒಂದೇ ಕಟ್ಟೆಯ ಮೇಲೆ ಕೂತಿದ್ದರೆ ಅದನ್ನೇ ಮೊದಲು ಬರೆದುಕೊಳ್ಳಿ. ಒಣಗಿ ಅಂಟಿದ ರಕ್ತದ ಕೆಳಗೆ ಹಬೆ ತಲುಪುವುದಿಲ್ಲ, ಆದ್ದರಿಂದ ತೊಳೆಯುವುದು ಸರಿಯಿಲ್ಲದೆ ಮುಂದಿನದೆಲ್ಲ ವ್ಯರ್ಥ. ದ್ರಾವಣದಲ್ಲಿ ಕಂಪನ ಎಬ್ಬಿಸಿ ಉಪಕರಣ ತೊಳೆಯುವ ಅಲ್ಟ್ರಾಸೋನಿಕ್ ಯಂತ್ರಕ್ಕೆ ಸುಲಭ ಪರೀಕ್ಷೆಯಿದೆ: ಅಲ್ಯೂಮಿನಿಯಂ ಫಾಯಿಲ್‌ನ ಒಂದು ತುಂಡನ್ನು ದ್ರಾವಣದಲ್ಲಿ ಇಳಿಬಿಟ್ಟು ಸ್ವಲ್ಪ ಹೊತ್ತು ಓಡಿಸಿ. ಎಲ್ಲ ಕಡೆ ಒಂದೇ ಸಮನೆ ಸಣ್ಣ ಗುಳಿ, ತೂತು ಬೀಳಬೇಕು. ಒಂದು ಭಾಗ ನುಣುಪಾಗಿಯೇ ಉಳಿದರೆ ಅಲ್ಲಿ ಯಂತ್ರ ಕೆಲಸ ಮಾಡುತ್ತಿಲ್ಲ. ಹ್ಯಾಂಡ್‌ಪೀಸನ್ನು ಮಾತ್ರ ಇದರಲ್ಲಿ ಮುಳುಗಿಸಬಾರದು, ಬೇರಿಂಗ್ ಹಾಳಾಗುತ್ತದೆ. ಹೊರಗಡೆ ಶುಚಿ ಮಾಡಿ, ತಯಾರಕರು ಹೇಳಿದ ಎಣ್ಣೆ ಹಾಕಿ, ಪೌಚಿಗೆ, ಅಂದರೆ ಉಪಕರಣವನ್ನು ಮುಚ್ಚಿಟ್ಟು ಹಬೆಗೆ ಕಳಿಸುವ ಚೀಲಕ್ಕೆ, ಸೇರಿಸಬೇಕು.

ಇನ್ನು ಆಟೋಕ್ಲೇವ್, ಒತ್ತಡದ ಹಬೆಯಿಂದ ಜೀವಾಣು ಕೊಲ್ಲುವ ಯಂತ್ರ. ಹೆಚ್ಚು ತಪ್ಪು ನಡೆಯುವ ಜಾಗ ಇದು. 134 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ನಿಮಿಷ ಅಥವಾ 121 ಡಿಗ್ರಿಯಲ್ಲಿ 15 ನಿಮಿಷ ಎಂಬುದು ಆ ಉಷ್ಣತೆ ಮುಟ್ಟಿದ ಮೇಲಿನ ಲೆಕ್ಕ, ಗುಂಡಿ ಒತ್ತಿದ ಕ್ಷಣದಿಂದಲ್ಲ. ಹ್ಯಾಂಡ್‌ಪೀಸಿನ ಒಳಗೆ ಕಿರಿದಾದ ನಾಳಗಳಿವೆ. ಅಲ್ಲಿ ಸಿಕ್ಕಿಬಿದ್ದ ಗಾಳಿಯನ್ನು ನಿರ್ವಾತ ಪಂಪ್ ಹೀರಿ ತೆಗೆಯದಿದ್ದರೆ ಹಬೆ ಒಳಹೋಗದು. ಹಾಗಾಗಿ ಪೌಚಿನಲ್ಲಿಟ್ಟ ಹ್ಯಾಂಡ್‌ಪೀಸಿಗೆ ಹೀಗೆ ಗಾಳಿ ಹೀರಿ ತೆಗೆಯುವ ಬಿ ಕ್ಲಾಸ್ ಆವರ್ತ (ಯಂತ್ರ ಓಡುವ ಒಂದು ಸುತ್ತು) ಬೇಕು. ಹಾಗೆ ಗಾಳಿ ಹೀರದ ಎನ್ ಕ್ಲಾಸ್ ಇರುವುದು ಪೌಚಿಲ್ಲದ, ಒಳಗೆ ಟೊಳ್ಳಿಲ್ಲದ ಗಟ್ಟಿ ಉಪಕರಣಗಳಿಗೆ. ಎನ್ ಕ್ಲಾಸ್ ಯಂತ್ರದೊಳಗೆ ಪೌಚುಗಳು ಕಂಡರೆ, ರಿಜಿಸ್ಟರ್ ಎಷ್ಟೇ ಅಚ್ಚುಕಟ್ಟಾಗಿದ್ದರೂ ನಂಬಬೇಡಿ.

ಪೌಚಿನ ಹೊರಗಿನ ಪಟ್ಟಿ ಬಣ್ಣ ಬದಲಿಸಿದೆ ಎಂದು ತೋರಿಸುತ್ತಾರೆ. ಅದು ಹೇಳುವುದು ಪೌಚ್ ಯಂತ್ರದೊಳಗೆ ಹೋಗಿಬಂದಿದೆ ಎಂದಷ್ಟೇ. ಉಷ್ಣತೆ, ಹಬೆ, ಸಮಯ ಮೂರನ್ನೂ ಅಳೆಯುವ ಐದನೇ ದರ್ಜೆಯ ಸೂಚಕ ಪೌಚಿನ ಒಳಗಿರಬೇಕು. ವಾರಕ್ಕೊಮ್ಮೆ ಬೀಜಕ ಪರೀಕ್ಷೆಯೂ ಬೇಕು: ಬಿಸಿಗೆ ಸುಲಭವಾಗಿ ಸಾಯದ ಜಿಯೋಬ್ಯಾಸಿಲಸ್ ಸ್ಟೀಯರೋಥರ್ಮೋಫಿಲಸ್ ಜೀವಾಣುವಿನ ಬೀಜಕಗಳನ್ನು ಯಂತ್ರಕ್ಕೆ ಹಾಕಿ, ಸತ್ತವೇ ಎಂದು ನೋಡುವುದು. ಆ ವರದಿಯಲ್ಲಿ ಕಂಟ್ರೋಲ್ ಸೀಸೆಯ ಫಲಿತಾಂಶ ಕೇಳಿ: ಯಂತ್ರಕ್ಕೆ ಹಾಕದ ಆ ಸೀಸೆಯಲ್ಲಿ ಜೀವಾಣು ಬೆಳೆಯಲೇಬೇಕು. ಬೆಳೆಯದಿದ್ದರೆ ಬೀಜಕಗಳು ಮೊದಲೇ ಸತ್ತಿದ್ದವು, ‘ಪಾಸ್’ ಎಂಬ ಫಲಿತಾಂಶಕ್ಕೆ ಅರ್ಥವಿಲ್ಲ.

ಹೊರಬಂದ ಪೌಚ್ ಒದ್ದೆಯಾಗಿದ್ದರೆ ಅದು ಅಶುದ್ಧವೆಂದೇ ಲೆಕ್ಕ, ಒದ್ದೆ ಕಾಗದದ ಮೂಲಕ ಜೀವಾಣು ಸಲೀಸಾಗಿ ಒಳನುಗ್ಗುತ್ತದೆ. ತಟ್ಟೆಯಲ್ಲಿ ತುರುಕಿದ್ದು, ಒಣಗುವ ಹಂತ ಮುಗಿಯುವ ಮೊದಲೇ ಬಾಗಿಲು ತೆರೆದದ್ದು, ಇವೆರಡೇ ಸಾಮಾನ್ಯ ಕಾರಣ.

ಈಗ ಕುರ್ಚಿಯ ಬಳಿ ಬನ್ನಿ. ಹ್ಯಾಂಡ್‌ಪೀಸಿಗೆ ನೀರು ತರುವ ಕೊಳವೆಯ ಒಳಗೋಡೆಯ ಹತ್ತಿರ ನೀರು ಹೆಚ್ಚುಕಡಿಮೆ ನಿಂತೇ ಇರುತ್ತದೆ. ರಾತ್ರಿಯೆಲ್ಲ ನಿಂತ ಮೇಲೆ ಕೇಳುವುದೇ ಬೇಡ, ಗೋಡೆಗೆ ಜೀವಾಣುಗಳ ಲೋಳೆಪದರ ಅಂಟುತ್ತದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಸಾಮಾನ್ಯ ಚಿಕಿತ್ಸೆಗೆ ಹೇಳುವ ಮಿತಿ ಮಿಲಿಲೀಟರಿಗೆ 500 ಸಿಎಫ್‌ಯು (ನೀರಿನಲ್ಲಿರುವ ಜೀವಂತ ಜೀವಾಣುಗಳನ್ನು ಬೆಳೆಸಿ ಎಣಿಸುವ ಅಳತೆ). ಪ್ರತಿ ರೋಗಿಯ ನಂತರ 20ರಿಂದ 30 ಸೆಕೆಂಡು ನೀರು, ಗಾಳಿ ಹರಿಸುವುದು ಹಿಂದಕ್ಕೆ ಹೀರಿದ ಎಂಜಲನ್ನು ಹೊರತಳ್ಳುತ್ತದೆ, ಲೋಳೆಪದರವನ್ನಲ್ಲ. ಅದಕ್ಕೆ ರಾಸಾಯನಿಕವೇ ಬೇಕು. ‘ನಾವು ಫಿಲ್ಟರ್ ನೀರೇ ತುಂಬಿಸುವುದು’ ಎಂಬ ಉತ್ತರ ಇಲ್ಲಿ ನಡೆಯದು. ಕೊಳವೆ ಕೊಳಕಾಗಿದ್ದರೆ ಶುದ್ಧ ನೀರೂ ಕೆಡುತ್ತದೆ. ಪರೀಕ್ಷೆಯ ಮಾದರಿಯನ್ನು ಕೊಳವೆಯ ತುದಿಯಲ್ಲೇ ಹಿಡಿಯಬೇಕು, ಬಾಟಲಿಯಲ್ಲಲ್ಲ. ಮೂಳೆ ಕೊರೆಯುವ ಶಸ್ತ್ರಚಿಕಿತ್ಸೆಗೆ ಈ ಕೊಳವೆಯ ನೀರು ಸಲ್ಲದು, ಬೇರೆ ದಾರಿಯಲ್ಲಿ ಬರುವ ಸ್ಟೆರೈಲ್ ದ್ರವವೇ ಆಗಬೇಕು.

ಚೂಪು ವಸ್ತುಗಳ ಡಬ್ಬಿ ಕುರ್ಚಿಯ ಕೈಯಳತೆಯಲ್ಲಿರಲಿ, ಮುಕ್ಕಾಲು ತುಂಬಿದೊಡನೆ ಮುಚ್ಚಲಿ. ಫಿಲ್ಲಿಂಗನ್ನು ಗಟ್ಟಿಯಾಗಿಸುವ ಕ್ಯೂರಿಂಗ್ ಲೈಟಿನ ತುದಿಗೆ ಕಾಂಪೋಸಿಟ್ (ಫಿಲ್ಲಿಂಗಿನ ವಸ್ತು) ಅಂಟಿದೆಯೇ ನೋಡಿ. ಅಂಟಿದ್ದರೂ ಬೆಳಕು ಕಣ್ಣಿಗೆ ನೀಲಿಯಾಗಿಯೇ ಕಾಣುತ್ತದೆ, ಆದರೆ ಶಕ್ತಿ ಕುಗ್ಗಿರುತ್ತದೆ, ಫಿಲ್ಲಿಂಗ್ ತಳದಲ್ಲಿ ಹಸಿಯಾಗಿ ಉಳಿಯುತ್ತದೆ. ಬೆಳಕಿನ ಶಕ್ತಿ ಅಳೆಯುವ ರೇಡಿಯೋಮೀಟರ್ ಇಲ್ಲದೆ ತಿಳಿಯುವುದಿಲ್ಲ.

ತುರ್ತು ಪೆಟ್ಟಿಗೆಯಲ್ಲಿ ಔಷಧಗಳ ಗಡುವಿನ ಜೊತೆಗೆ ಆಮ್ಲಜನಕದ ಲೆಕ್ಕವನ್ನೂ ಮಾಡಿ. 680 ಲೀಟರಿನ ತುಂಬಿದ ಸಿಲಿಂಡರ್, ನಿಮಿಷಕ್ಕೆ 15 ಲೀಟರಿನಂತೆ, ಸುಮಾರು 45 ನಿಮಿಷ. ಮುಳ್ಳು ಅರ್ಧಕ್ಕಿದ್ದರೆ ಅದರ ಅರ್ಧ. ಸಹಾಯಕರಲ್ಲಿ ಒಬ್ಬರಿಗೆ ವಾಲ್ವ್ ತೆರೆದು ಮಾಸ್ಕ್ ಜೋಡಿಸಲು ಹೇಳಿ. ವಾಲ್ವ್ ತೆರೆಯುವ ಕೀಲಿ ಎಲ್ಲಿದೆ ಎಂದು ಹುಡುಕಾಡಿದರೆ ಉತ್ತರ ಸಿಕ್ಕಂತೆ.

ಫೈಲುಗಳ ಸರದಿ ಈಗ. ಕಪಾಟಿನಿಂದ ನೀವೇ ಒಂದು ಪೌಚ್ ತೆಗೆದು, ಅದರ ಮೇಲಿನ ಆವರ್ತ ಸಂಖ್ಯೆಯನ್ನು ಯಂತ್ರದ ಮುದ್ರಿತ ಚೀಟಿಯೊಂದಿಗೆ ತಾಳೆ ನೋಡಿ. ‘ಬೀಜಕ ಪರೀಕ್ಷೆ ಫೇಲಾಯಿತು, ಏನು ಮಾಡುತ್ತೀರಿ?’ ಎಂದು ಕೇಳಿ. ಯಂತ್ರ ನಿಲ್ಲಿಸಿ ಮರುಪರೀಕ್ಷೆ ಮಾಡುತ್ತೇವೆ ಎಂದರೆ ಅರ್ಧ ಉತ್ತರ. ಮತ್ತೂ ಫೇಲಾದರೆ, ಹಿಂದಿನ ಪಾಸಾದ ಪರೀಕ್ಷೆಯಿಂದೀಚೆಗೆ ಅದರಲ್ಲಿ ಹೋಗಿಬಂದ ಪೌಚುಗಳನ್ನೆಲ್ಲ ವಾಪಸು ತೆಗೆಯಬೇಕು. ಪೌಚಿನ ಮೇಲೆ ಸಂಖ್ಯೆಯೇ ಇಲ್ಲದಿದ್ದರೆ ಯಾವುದನ್ನು ತೆಗೆಯುತ್ತಾರೆ?