ಸೊಮಾಲಿಲ್ಯಾಂಡ್‌ಗೆ ಹೋಗುವ ಯೋಚನೆ ಇದ್ದರೆ ಇದನ್ನು ಓದಿಕೊಳ್ಳಿ

ಸೊಮಾಲಿಲ್ಯಾಂಡ್ ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ, "ಸೊಮಾಲಿಯಾಕ್ಕಾ? ಅಲ್ಲಿ ಯುದ್ಧ ಅಲ್ವಾ?" ನಕ್ಷೆಯಲ್ಲಿ ನೋಡಿದರೆ ಅದು ಸೊಮಾಲಿಯಾದ ವಾಯವ್ಯ ಭಾಗವೇ. ಆದರೆ 1991ರ ಮೇ 18ರಂದು ಬುರಾವ್ ಎಂಬ ಊರಲ್ಲಿ ಸೇರಿದ ಕುಲಗಳ ಹಿರಿಯರು ಮತ್ತು ಹೋರಾಟಗಾರರು ಇನ್ನು ನಾವು ಬೇರೆ ಎಂದು ಘೋಷಿಸಿದರು. ಆವತ್ತಿನಿಂದ ಅವರದೇ ಸರ್ಕಾರ, ಪೊಲೀಸ್, ನೋಟು, ಪಾಸ್‌ಪೋರ್ಟ್. ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ವಿಶ್ವಸಂಸ್ಥೆಯ ಯಾವ ಸದಸ್ಯ ದೇಶವೂ ಅವರನ್ನು ಮಾನ್ಯ ಮಾಡಲಿಲ್ಲ. 2025ರ ಡಿಸೆಂಬರ್‌ನಲ್ಲಿ ಇಸ್ರೇಲ್ ಮಾಡಿತು. ಭಾರತ ಮಾಡಿಲ್ಲ. ದೂರದ ರಾಜಕೀಯ ಅಂತ ಇದನ್ನು ಬದಿಗಿಡಬೇಡಿ. ನಿಮ್ಮ ವೀಸಾ, ವಿಮೆ, ಓಡಾಟ ಎಲ್ಲದರಲ್ಲೂ ಇದು ಎದುರಾಗುತ್ತದೆ.

ಮೊದಲು ದಾರಿ. ನಮ್ಮ ಕಡೆಯಿಂದ ಹೋಗುವವರಿಗೆ ಎರಡು ಅನುಕೂಲ: ಇಥಿಯೋಪಿಯಾದ ಅಡಿಸ್ ಅಬಾಬಾ ಮೂಲಕ, ಇಲ್ಲವೇ ದುಬೈ ಮೂಲಕ. ಎರಡೂ ಕಡೆಯಿಂದ ರಾಜಧಾನಿ ಹರ್ಗೇಸಾಕ್ಕೆ ವಿಮಾನ ಇದೆ. ವೀಸಾ ಅಡಿಸ್‌ನಲ್ಲಿರುವ ಸೊಮಾಲಿಲ್ಯಾಂಡ್ ಕಚೇರಿಯಲ್ಲಿ ಸಿಗುತ್ತದೆ. ಹರ್ಗೇಸಾದಲ್ಲಿ ಇಳಿದ ಮೇಲೆ ಕೊಡುವ ಪದ್ಧತಿಯೂ ಇದೆ, 60 ಡಾಲರ್ ಆಸುಪಾಸು ಇಟ್ಟುಕೊಳ್ಳಿ. ಆದರೆ ಒಂದು ತೊಡಕಿದೆ. 2025ರಲ್ಲಿ ಸೊಮಾಲಿಯಾದ ರಾಜಧಾನಿ ಮೊಗದಿಶುವಿನ ಸರ್ಕಾರ ಇ-ವೀಸಾ ಶುರು ಮಾಡಿತು, ಇಡೀ ಸೊಮಾಲಿಯಾಕ್ಕೆ ಅದೇ ಬೇಕು ಅನ್ನುತ್ತದೆ. ಹರ್ಗೇಸಾ ಅದನ್ನು ಒಪ್ಪುವುದಿಲ್ಲ. ಇಬ್ಬರ ಜಗಳದ ನಡುವೆ ಸಿಕ್ಕಿಕೊಳ್ಳುವುದು ಪ್ರಯಾಣಿಕರು. ಟಿಕೆಟ್ ತೆಗೆಯುವ ಮೊದಲು ವಿಮಾನ ಕಂಪನಿಯವರನ್ನು ಕೇಳಿ, ಅವರ ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ.

ಇಥಿಯೋಪಿಯಾ ಮೂಲಕ ಹೋಗುವುದಾದರೆ ಹಳದಿ ಜ್ವರದ ಲಸಿಕೆ ಬೇಕೇ ಬೇಕು. ಕಾರ್ಡ್ ಇಲ್ಲದೆ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಹಿಡಿದು ಕ್ವಾರಂಟೈನ್‌ಗೆ ಹಾಕುತ್ತಾರೆ. ಹತ್ತು ದಿನ ಮೊದಲೇ ಹಾಕಿಸಿಕೊಂಡಿರಬೇಕು. ಪ್ರವಾಸ ವಿಮೆಯ ಷರತ್ತುಗಳನ್ನೂ ಪೂರ್ತಿ ಓದಿ. ಸೊಮಾಲಿಯಾ ಹೆಸರಿದ್ದರೆ ಬಹಳ ಪಾಲಿಸಿಗಳು ಕೈ ಎತ್ತುತ್ತವೆ. ಹರ್ಗೇಸಾದಲ್ಲಿ ಭಾರತದ ದೂತಾವಾಸ ಇಲ್ಲ. ಏನಾದರೂ ಆದರೆ ನೆರವು ತಡವಾಗಿ ಬರುತ್ತದೆ ಎಂದು ಮನೆಯವರಿಗೂ ಹೇಳಿ ಹೊರಡಿ.

ನೀವು ಇಳಿಯುವ ವಿಮಾನ ನಿಲ್ದಾಣಕ್ಕೆ ಈಗಾಲ್ ಅವರ ಹೆಸರು. 1993ರಲ್ಲಿ ಬೊರಾಮಾ ಊರಲ್ಲಿ ಹಿರಿಯರು ತಿಂಗಳುಗಟ್ಟಲೆ ಕೂತು ಮಾತಾಡಿ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಆದರೆ ಈ ರನ್‌ವೇಗೆ ಇನ್ನೊಂದು ನೆನಪೂ ಇದೆ. 1988ರಲ್ಲಿ ಸೊಮಾಲಿಯಾದ ಸರ್ವಾಧಿಕಾರಿ ಸಿಯಾದ್ ಬರ್ರೆಯ ವಿಮಾನಗಳು ಇಲ್ಲಿಂದಲೇ ಮೇಲೆದ್ದು ಇದೇ ಊರಿನ ಮೇಲೆ ಬಾಂಬ್ ಹಾಕಿದವು. ಊರು ಬಹುಪಾಲು ನೆಲಸಮವಾಯಿತು. ಲಕ್ಷಾಂತರ ಜನ ಇಥಿಯೋಪಿಯಾದ ಕಡೆ ನಡೆದುಕೊಂಡೇ ಓಡಿದರು. ಊರ ನಡುವೆ ಒಂದು ಮಿಗ್ ವಿಮಾನವನ್ನು ಕಟ್ಟೆಯ ಮೇಲೆ ಏರಿಸಿ ಸ್ಮಾರಕ ಮಾಡಿದ್ದಾರೆ, ಕೆಳಗಿನ ಗೋಡೆಯಲ್ಲಿ ಆ ದಿನಗಳ ಚಿತ್ರಗಳಿವೆ. ಅಲ್ಲಿ ಸೆಲ್ಫಿಗೆ ನಗುತ್ತಾ ನಿಲ್ಲಬೇಡಿ. ಪಕ್ಕದಲ್ಲಿ ನಡೆದುಹೋಗುವ ವಯಸ್ಸಾದವರಲ್ಲಿ ಬಹಳ ಜನ ಆ ದಿನಗಳನ್ನು ಬದುಕಿ ದಾಟಿದವರು.

ದುಡ್ಡಿನ ವಿಷಯಕ್ಕೆ ಬರೋಣ. ನಮ್ಮ ಬ್ಯಾಂಕ್ ಕಾರ್ಡ್ ನಂಬಿ ಹೋಗಬೇಡಿ. ಡಾಲರ್ ನಗದು, ಅದೂ ಹೊಸ ನೋಟು, ಚಿಕ್ಕ ಮೊತ್ತದವು ಜಾಸ್ತಿ ಇರಲಿ. ಪೇಟೆ ಬೀದಿಯಲ್ಲಿ ನೋಟು ಬದಲಿಸುವವರು ಸೊಮಾಲಿಲ್ಯಾಂಡ್ ಶಿಲ್ಲಿಂಗ್ ಕಟ್ಟುಗಳನ್ನು ರಬ್ಬರ್ ಬ್ಯಾಂಡ್ ಹಾಕಿ, ಗೋಡೆ ಕಟ್ಟಿದಂತೆ ಪೇರಿಸಿಕೊಂಡು ಬಯಲಲ್ಲೇ ಕೂತಿರುತ್ತಾರೆ. ಒಂದು ಡಾಲರಿಗೆ ಸಾವಿರಾರು ಶಿಲ್ಲಿಂಗ್. ನಮಾಜಿನ ಹೊತ್ತಾದರೆ ಮೇಲೊಂದು ಬಟ್ಟೆ ಹೊದಿಸಿ ಎದ್ದು ಹೋಗುತ್ತಾರೆ. ಬಂದೂಕಿನ ಕಾವಲು ನನಗೆ ಅಲ್ಲೆಲ್ಲೂ ಕಾಣಲಿಲ್ಲ. ಆದರೆ ಊರಿನವರು ಆ ನೋಟು ಮುಟ್ಟುವುದೇ ಕಡಿಮೆ. 2009ರಲ್ಲಿ ಶುರುವಾದ ಝಾದ್ ಎಂಬ ಮೊಬೈಲ್ ಹಣದಲ್ಲೇ ಚಹಾದಿಂದ ಹಿಡಿದು ಮನೆ ಬಾಡಿಗೆವರೆಗೆ ಎಲ್ಲ ನಡೆಯುತ್ತದೆ. ಇಂಟರ್‌ನೆಟ್ ಬೇಡ, ಹಳೆಯ ಬಟನ್ ಫೋನ್ ಸಾಕು. ಸ್ವಲ್ಪ ದಿನ ಇರುವವರು ಪಾಸ್‌ಪೋರ್ಟ್ ತೋರಿಸಿ ಸಿಮ್ ತೆಗೆದುಕೊಂಡು ಅದರಲ್ಲೇ ಝಾದ್ ಮಾಡಿಸಿಕೊಳ್ಳಿ.

ಸರ್ಕಾರದ ಹಣ ಎಲ್ಲಿಂದ ಬರುತ್ತದೆ ಎಂದು ತಿಳಿಯಬೇಕಾದರೆ ಹರ್ಗೇಸಾದ ಜಾನುವಾರು ಸಂತೆಗೆ ಬೆಳಗ್ಗೆ ಬೇಗ ಹೋಗಿ. ಒಂಟೆ, ಆಡು, ಕುರಿ. ನಮ್ಮ ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುತ್ತಾರಲ್ಲ, ಇಲ್ಲಿಯೂ ಹಾಗೇ ಬಟ್ಟೆ ಮುಚ್ಚಿ ಕೈಯಲ್ಲೇ ವ್ಯಾಪಾರ. ಈ ನಾಡಿನ ಜಾನುವಾರು ಬರ್ಬೆರಾ ಬಂದರಿನಿಂದ ಸೌದಿ ಅರೇಬಿಯಾಕ್ಕೆ ಹೋಗುತ್ತವೆ, ಹಜ್ ಕಾಲದಲ್ಲಂತೂ ಲಕ್ಷಗಟ್ಟಲೆ. ಬಂದರಿನ ಸುಂಕವೇ ಸರ್ಕಾರದ ಮುಖ್ಯ ವರಮಾನ. ಮಾನ್ಯತೆ ಇಲ್ಲದ ದೇಶಕ್ಕೆ ವಿಶ್ವಬ್ಯಾಂಕ್ ನೇರವಾಗಿ ಸಾಲ ಕೊಡುವುದಿಲ್ಲ. ಹಾಗಾಗಿ ಈಗಾಲ್ ಕಾಲದಲ್ಲಿ ಹೋರಾಟಗಾರರಿಂದ ಬಂದೂಕು ಇಳಿಸಿಕೊಂಡು ಸಂಬಳಕ್ಕೆ ಹಚ್ಚಲು ವ್ಯಾಪಾರಿಗಳೇ ಸಾಲ ಕೊಟ್ಟಿದ್ದರು. 2000ದಲ್ಲಿ ಸೌದಿಯವರು ರೋಗದ ಭಯಕ್ಕೆ ಜಾನುವಾರು ತರಿಸುವುದನ್ನು ನಿಲ್ಲಿಸಿದರು, 2009ರವರೆಗೂ ಹಾಗೇ. ಅಷ್ಟು ವರ್ಷ ಇವರು ಹೇಗೆ ತಡೆದುಕೊಂಡರು ಎಂದು ಸಂತೆಯಲ್ಲಿ ಕೇಳಿದೆ. ವಿದೇಶದಲ್ಲಿದ್ದ ಮಕ್ಕಳು ಕಳಿಸಿದ ದುಡ್ಡಿನಿಂದ ಅಂದರು. ಆಸ್ಪತ್ರೆ, ಶಾಲೆ, ರಸ್ತೆ ಯಾವುದನ್ನು ಕೇಳಿದರೂ ಉತ್ತರದಲ್ಲಿ ಹೊರದೇಶದಲ್ಲಿರುವ ಯಾರೋ ಒಬ್ಬರು ಬಂದೇ ಬರುತ್ತಾರೆ. 2022ರ ಏಪ್ರಿಲ್‌ನಲ್ಲಿ ವಾಹೀನ್ ಮಾರುಕಟ್ಟೆ ಸುಟ್ಟು ಬೂದಿಯಾದಾಗಲೂ ಅಂಥವರೇ ಕೈ ಹಿಡಿದರು.

ಹರ್ಗೇಸಾದ ಒಳಗೆ ಹಗಲು ಹೊತ್ತು ಆರಾಮಾಗಿ ಓಡಾಡಬಹುದು. ಊರಾಚೆ ಹೋಗಲು ವಿದೇಶಿಯರ ಜೊತೆ ವಿಶೇಷ ರಕ್ಷಣಾ ಪೊಲೀಸ್ ಇರಬೇಕು ಎಂಬ ನಿಯಮ ಇದೆ. 2003ರಲ್ಲಿ ವಿದೇಶಿ ನೆರವು ಕೆಲಸಗಾರರ ಕೊಲೆಗಳಾದವು, ಆಮೇಲೆ ಬಂದ ವ್ಯವಸ್ಥೆ ಇದು. 2008ರ ಅಕ್ಟೋಬರ್‌ನಲ್ಲಿ ಹರ್ಗೇಸಾದಲ್ಲೇ ಆತ್ಮಾಹುತಿ ದಾಳಿಗಳು ನಡೆದವು, ನಂತರ ಅಷ್ಟು ದೊಡ್ಡದು ಆಗಿಲ್ಲ. ಕಾವಲಿನವರ ದಿನದ ಖರ್ಚು ನಿಮ್ಮದೇ. ಹೋಟೆಲಿನವರ ಮೂಲಕ ಕಾರು, ಪೊಲೀಸ್, ಪರವಾನಗಿ ಮೂರನ್ನೂ ಸೇರಿಸಿ ಒಂದೇ ಬೆಲೆ ಮಾತಾಡಿಕೊಳ್ಳಿ. ಕಚೇರಿ ಕೆಲಸ ಬೆಳಗ್ಗೆಯೇ ಮುಗಿಸಿ. ಮಧ್ಯಾಹ್ನದ ಮೇಲೆ ಖಾತ್ ಎಂಬ ಅಮಲಿನ ಸೊಪ್ಪು ಅಗಿಯುವ ಹೊತ್ತು, ಯಾರೂ ಸಿಗುವುದಿಲ್ಲ. ಶುಕ್ರವಾರ ರಜೆ.

ಬರ್ಬೆರಾ ರಸ್ತೆಯಲ್ಲಿ ಸುಮಾರು 50 ಕಿಲೋಮೀಟರ್ ಹೋದರೆ ಲಾಸ್ ಗೀಲ್ ಬಂಡೆಗಳು. 2002ರಲ್ಲಿ ಫ್ರೆಂಚ್ ತಂಡವೊಂದು ಇದನ್ನು ಹೊರಜಗತ್ತಿಗೆ ತೋರಿಸಿತು. ಕೆಂಪು, ಬಿಳಿ ಬಣ್ಣದ ಹಸುಗಳು, ಕೊರಳಿಗೆ ಪಟ್ಟೆ ಪಟ್ಟೆ ಅಲಂಕಾರ, ಹೊಟ್ಟೆಯ ಕೆಳಗೆ ಕೈ ಚಾಚಿ ನಿಂತ ಪುಟ್ಟ ಮನುಷ್ಯರು. ಸಾವಿರಾರು ವರ್ಷದ ಬಣ್ಣ ಇನ್ನೂ ಹಸಿಯಾಗಿದೆ ಅನ್ನಿಸುತ್ತದೆ. ಕೈಚಾಚಿದರೆ ಎಟಕುತ್ತದೆ, ಗಾಜಿಲ್ಲ, ಬೇಲಿಯಿಲ್ಲ. ದಯವಿಟ್ಟು ಮುಟ್ಟಬೇಡಿ. ವಿಶ್ವ ಪರಂಪರೆ ಪಟ್ಟಿಗೆ ಹೆಸರು ಕಳಿಸಬೇಕಾದ್ದು ಮಾನ್ಯತೆ ಇರುವ ಸರ್ಕಾರ. ಹಾಗಾಗಿ ಅದನ್ನು ಕಾಯುವ ಹೊಣೆ ಒಬ್ಬಿಬ್ಬರು ಕಾವಲುಗಾರರ ಮೇಲಿದೆ. ನನಗೆ ಇಡೀ ಪ್ರವಾಸದಲ್ಲಿ ತುಂಬ ಸಂಕಟವಾದದ್ದು ಇದೇ.

ಅಲ್ಲಿಂದ ಮುಂದೆ ಬರ್ಬೆರಾ. 2016ರಲ್ಲಿ ದುಬೈನ ಬಂದರು ಕಂಪನಿ ಡಿಪಿ ವರ್ಲ್ಡ್ ಜೊತೆ 442 ಮಿಲಿಯನ್ ಡಾಲರ್ ಒಪ್ಪಂದವಾಗಿ ಬಂದರು ಬೆಳೆದಿದೆ, ಇಥಿಯೋಪಿಯಾ ಗಡಿವರೆಗಿನ ರಸ್ತೆಯೂ ಸುಧಾರಿಸಿದೆ. ಹಳೆ ಪೇಟೆಯ ತುರ್ಕರ ಕಾಲದ ಮನೆಗಳು ಮಾತ್ರ ಕುಸಿಯುತ್ತಿವೆ. ಬಂದರು, ಪೊಲೀಸ್, ಚೆಕ್‌ಪೋಸ್ಟ್ ಕಡೆ ಕ್ಯಾಮೆರಾ ಎತ್ತಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರ್ಬೆರಾದಲ್ಲಿ 40 ಡಿಗ್ರಿ ದಾಟುವ ಸೆಕೆ, ಊರಿನವರೇ ಗುಡ್ಡದ ಕಡೆ ಹೊರಟುಬಿಡುತ್ತಾರೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು.

ಇಲ್ಲಿನ ಚುನಾವಣೆ ಬಗ್ಗೆ ಜನ ಹೆಮ್ಮೆಯಿಂದ ಮಾತಾಡುತ್ತಾರೆ, ಕೇಳಿಸಿಕೊಳ್ಳಿ. 2003ರಲ್ಲಿ ಅಧ್ಯಕ್ಷರ ಆಯ್ಕೆ ಮೊದಲ ಎಣಿಕೆಯಲ್ಲಿ ಬರೀ 80 ಮತಗಳ ಅಂತರದಲ್ಲಿ ತೀರ್ಮಾನವಾಯಿತು. ಸೋತ ಸಿಲಾನ್ಯೊ ಬಂದೂಕು ಎತ್ತಲಿಲ್ಲ, 2010ರಲ್ಲಿ ಗೆದ್ದು ಬಂದರು. 2017ರಲ್ಲಿ ಮತದಾರರ ಪಟ್ಟಿಗೆ ಕಣ್ಣಿನ ಪಾಪೆ ಸ್ಕ್ಯಾನ್ ಬಳಸಿದರು. 2024ರ ನವೆಂಬರ್‌ನಲ್ಲಿ ವಿರೋಧ ಪಕ್ಷದ ಇರ್ರೊ ಗೆದ್ದರು, ಅಧಿಕಾರ ಶಾಂತವಾಗಿ ಕೈ ಬದಲಾಯಿತು. ಇದೆಲ್ಲ ನಿಜವಾದ ಸಾಧನೆ. ಆದರೆ ಆ ಚುನಾವಣೆ ನಡೆಯಬೇಕಾಗಿದ್ದದ್ದು 2022ರಲ್ಲಿ. ಹಿರಿಯರ ಮನೆಯಾದ ಗುರ್ತಿ ಅವಧಿಯನ್ನು ಎರಡು ವರ್ಷ ಎಳೆಯಿತು. ಆ ಗುರ್ತಿಗೇ ಇದುವರೆಗೆ ಜನರು ಮತ ಹಾಕಿಲ್ಲ. 2021ರಲ್ಲಿ ಸಂಸತ್ತಿನ ಕೆಳಮನೆಯ 82 ಸೀಟುಗಳಲ್ಲಿ ಒಬ್ಬ ಹೆಂಗಸೂ ಗೆಲ್ಲಲಿಲ್ಲ. ಸೊಮಾಲಿಯಾ ಜೊತೆ ಮತ್ತೆ ಒಂದಾಗಬೇಕು ಎಂದು ಇಲ್ಲಿ ಬಹಿರಂಗವಾಗಿ ಹೇಳಿದರೆ ಜೈಲು. ಹಾಗಾಗಿ ಆ ವಿಷಯದಲ್ಲಿ ಚಹಾ ಅಂಗಡಿಯಲ್ಲಿ ಯಾರ ಬಾಯನ್ನೂ ಬಿಡಿಸಲು ಹೋಗಬೇಡಿ, ತೊಂದರೆ ಅವರಿಗೆ.

ಪೂರ್ವದ ಲಾಸ್ ಅನೋದ್ ಕಡೆ ಹೋಗಲೇಬೇಡಿ. ಅಲ್ಲಿನ ಕುಲಗಳಿಗೆ ಹರ್ಗೇಸಾದ ಆಳ್ವಿಕೆ ಬೇಡವಾಗಿತ್ತು. 2023ರ ಫೆಬ್ರವರಿಯಿಂದ ತಿಂಗಳುಗಟ್ಟಲೆ ಕದನ ನಡೆದು, ಊರಿನ ಮೇಲೆ ಶೆಲ್ ಬಿದ್ದು, ಕೊನೆಗೆ ಆಗಸ್ಟ್‌ನಲ್ಲಿ ಸೊಮಾಲಿಲ್ಯಾಂಡ್ ಸೇನೆ ಹಿಂದೆ ಸರಿಯಿತು. ಹರ್ಗೇಸಾದ ನಕ್ಷೆಯಲ್ಲಿ ಆ ಜಾಗ ಈಗಲೂ ಅವರದೇ. ಹರ್ಗೇಸಾದವರ ನೋವು ಕೇಳಿ ಕರಗುವ ನಾವು ಲಾಸ್ ಅನೋದ್‌ನವರ ನೋವನ್ನೂ ಅಷ್ಟೇ ಗಂಭೀರವಾಗಿ ತೆಗೆದುಕೊಳ್ಳಬೇಕು. ಮೊಗದಿಶುವನ್ನೂ ಇದೇ ಟ್ರಿಪ್‌ಗೆ ಸೇರಿಸೋಣ ಅನ್ನುವವರಿಗೆ ನನ್ನ ಮಾತು: ಬೇಡ. ಅಲ್ ಶಬಾಬ್ ಉಗ್ರರ ದಾಳಿ ಅಲ್ಲಿ ಇನ್ನೂ ನಿಂತಿಲ್ಲ.

ಸಸ್ಯಾಹಾರಿಗಳು ಹೆದರಬೇಕಿಲ್ಲ. ಬೆಳಗ್ಗೆ ಹುಳಿ ಹಿಟ್ಟಿನ, ದೋಸೆಯಂಥ ಲಹೋಹ್, ಜೇನು, ಏಲಕ್ಕಿ ಹಾಕಿದ ಸಿಹಿ ಚಹಾ. ಮಧ್ಯಾಹ್ನ ಅನ್ನ, ಪಾಸ್ತಾ, ಬೇಯಿಸಿದ ಕಾಳು, ಅನ್ನದ ಜೊತೆ ಬಾಳೆಹಣ್ಣು. ಅನ್ನವನ್ನು ಮಾಂಸದ ಸಾರಿನಲ್ಲಿ ಬೇಯಿಸಿರಬಹುದು, ಕೇಳಿಕೊಳ್ಳಿ. ಮದ್ಯ ಪೂರ್ತಿ ನಿಷೇಧ, ಬ್ಯಾಗಿನಲ್ಲೂ ಇರಬಾರದು. ಹೆಂಗಸರು ತಲೆಗೆ ಬಟ್ಟೆ, ಉದ್ದ ತೋಳಿನ ಸಡಿಲ ಉಡುಪು ಹಾಕಿಕೊಳ್ಳಬೇಕು. ಭಾರತದವರು ಅಂದರೆ ಪ್ರೀತಿ ಜಾಸ್ತಿ. ಓದಲು, ಚಿಕಿತ್ಸೆಗೆ ನಮ್ಮಲ್ಲಿಗೆ ಬಂದವರು ಬಹಳ. ಮೊಬೈಲ್ ಅಂಗಡಿಯ ಹುಡುಗನೊಬ್ಬ ನನ್ನ ಊರು ಕೇಳಿ, ಅಣ್ಣ ಬೆಂಗಳೂರಿನಲ್ಲಿ ಡಿಗ್ರಿ ಮಾಡಿದ್ದಾನೆ ಎಂದು ಅಲ್ಲೇ ಅವನಿಗೆ ಫೋನ್ ಹಚ್ಚಿ ಕೊಟ್ಟ. ರಸ್ತೆ ದಾಟುವಾಗ ಎರಡೂ ಕಡೆ ನೋಡಿ. ಇಲ್ಲಿ ವಾಹನಗಳು ಬಲಗಡೆ ಓಡುತ್ತವೆ, ಆದರೆ ಬಹುಪಾಲು ಕಾರುಗಳ ಸ್ಟೀರಿಂಗೂ ಬಲಗಡೆಯೇ. ಮುಂದಿನ ಗಾಡಿಯನ್ನು ದಾಟುವಾಗ ಡ್ರೈವರಿಗೆ ಎದುರು ಬರುವುದು ಸರಿಯಾಗಿ ಕಾಣುವುದಿಲ್ಲ, ಹಾಗಾಗಿ ರಾತ್ರಿ ಹೆದ್ದಾರಿ ಪ್ರಯಾಣ ಬೇಡ. ಉಳಿದ ಶಿಲ್ಲಿಂಗ್‌ಗಳನ್ನು ಹೊರಡುವ ಮೊದಲೇ ಖರ್ಚು ಮಾಡಿಬಿಡಿ, ಗಡಿಯಾಚೆ ಅವನ್ನು ಯಾರೂ ಬದಲಿಸಿ ಕೊಡುವುದಿಲ್ಲ.